ಮುಸುಕಿನ ಅತ್ತೆ ಮತ್ತು ಸಂಜೆಯ ನೊರಜು

ನಮ್ಮ ಅತ್ತೆಯವರನ್ನು ಇಳಕಲ್ಲಿನ ಅರ್ಧ ಊರು ದೆವ್ವವೆಂದು ನಂಬಿದೆ. ಉಳಿದರ್ಧ ಊರಿಗೆ ಅವರ ಹತ್ತಿರದ ಪರಿಚಯವಿದೆ. ಆ ಜನ ದೆವ್ವವೇ ಎಷ್ಟೋ ವಾಸಿ ಎನ್ನುತ್ತಾರೆ!

ನಾನು ಎರಡೂ ಗುಂಪಿಗೆ ಸೇರಿದವನು. ಅವರು ನನ್ನ ಸೋದರಮಾವನ ಹೆಂಡತಿ, ಮೇಲಾಗಿ ನನ್ನ ಹೆಂಡತಿಯ ತಾಯಿ. ಒಂದೇ ಮನುಷ್ಯರ ಕೈಯಲ್ಲಿ ಹೀಗೆ ಎರಡೆರಡು ಸಲ ಸಿಕ್ಕಿಹಾಕಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಚಿಕ್ಕವನಿದ್ದಾಗ ಅವರು ನನ್ನ ಕಿವಿ ಹಿಂಡುತ್ತಿದ್ದರು. ಅಳಿಯನಾದ ಮೇಲೆ ಹಿಂಡುವುದನ್ನು ಬಿಟ್ಟರು, ಏಕವಚನವನ್ನು ಬಿಡಲಿಲ್ಲ. ಬೇರೆ ಮನೆಗಳಲ್ಲಿ ಅಳಿಯ ಬಂದರೆ "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸುತ್ತಾರಂತೆ. ನನಗೆ ಸಿಗುವುದು, "ಬಂದೇನೋ? ಚಪ್ಪಲಿ ಹೊರಗ ಬಿಡು."

ಇರಲಿ, ದೆವ್ವದ ವಿಷಯಕ್ಕೆ ಬರೋಣ.

ದಿನಾಲು ಹೊತ್ತು ಮುಳುಗುವ ಸಮಯಕ್ಕೆ ಅತ್ತೆ ಓಡಲು ಹೊರಡುತ್ತಾರೆ. ಅರವತ್ತು ದಾಟಿದ ಹೆಂಗಸು ನಡೆಯುತ್ತಾಳೆ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಸಕ್ಕರೆ ಕಾಯಿಲೆಯ ದೆಸೆಯಿಂದ ಈಗ ಇಡೀ ಕರ್ನಾಟಕವೇ ನಡೆಯುತ್ತಿದೆ. ಆದರೆ ಇವರು ಓಡುತ್ತಾರೆ! ಇಳಕಲ್ ಸೀರೆಗೆ ಕಚ್ಚೆ ಹಾಕಿ, ಮಗನ ಹಳೆಯ ಕ್ಯಾನ್ವಾಸ್ ಬೂಟು ತೊಟ್ಟು, ತಲೆಯಿಂದ ಕುತ್ತಿಗೆಯವರೆಗೆ ಬಿಳಿಯ ತೆಳು ಅರಿವೆಯೊಂದನ್ನು ಸುತ್ತಿಕೊಂಡು ಓಡುತ್ತಾರೆ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಉಸಿರು ಎಳೆದಾಗ ಬಾಯಿಯ ಜಾಗದಲ್ಲಿ ಅರಿವೆ ಒಳಕ್ಕೆ ಹೋಗುತ್ತದೆ, ಬಿಟ್ಟಾಗ ಉಬ್ಬುತ್ತದೆ. ಊರು ದಾಟಿ, ಹಳೆಯ ಕಲ್ಲಿನ ಕ್ವಾರಿಯವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ಓಡಿಕೊಂಡೇ ವಾಪಸ್ಸು. ಆ ಕ್ವಾರಿಯಲ್ಲಿ ಕೆಲಸ ನಿಂತು ಎಷ್ಟೋ ಕಾಲವಾಗಿದೆ. ಕೆಂಪು ಕಲ್ಲನ್ನು ಕೊಯ್ದುಕೊಂಡು ಹೋದ ಹೊಂಡದಲ್ಲಿ ಈಗ ಕಪ್ಪು ನೀರು ತುಂಬಿದೆ. ಹಗಲು ಹೊತ್ತಿನಲ್ಲಿ ಕೂಡ ಕುರಿ ಕಾಯುವವರು ಅತ್ತ ಹಾಯುವುದಿಲ್ಲ.

ಒಂದು ಸಂಜೆ ಲಾರಿಯೊಂದು ಆ ಕ್ವಾರಿಯ ತಿರುವಿಗೆ ಬಂತು. ದೀಪದ ಬೆಳಕಿನಲ್ಲಿ ಡ್ರೈವರನಿಗೆ ಕಂಡದ್ದು ಮುಖವಿಲ್ಲದ ಒಂದು ಹೆಣ್ಣು. ಮುಖ ಇರಬೇಕಾದ ಜಾಗ ಬುಳುಬುಳು ಹರಿದಾಡುತ್ತಿತ್ತು! ಬೆಳಕಿಗೆ ಬಂದ ಹುಳಗಳೆಲ್ಲ ಬಿಳಿಯ ಅರಿವೆಗೆ ಮೆತ್ತಿಕೊಂಡಿದ್ದವು, ಅಷ್ಟೇ. ಆದರೆ ಅದನ್ನು ಅವನಿಗೆ ವಿವರಿಸಲು ಅಲ್ಲಿ ಯಾರಿದ್ದರು? ಪುಣ್ಯಾತ್ಮ ಲಾರಿಯನ್ನು ಹಿಂದಕ್ಕೆ ಓಡಿಸಿದ. ಮುಂದಕ್ಕೆ ಕೂಡ ಅಷ್ಟು ಜೋರಾಗಿ ಎಂದೂ ಓಡಿಸಿರಲಿಲ್ಲವಂತೆ. ಮರುದಿನ ಬಂದು ತಿರುವಿನ ಬಂಡೆಗೆ ಕುಂಕುಮ ಹಚ್ಚಿ, ಕಾಯಿ ಒಡೆದಿಟ್ಟು ಹೋದ. ಅವನನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬ.

ಇತ್ತ ಅತ್ತೆಯ ಮನೆಯಲ್ಲಿ ದಿನಾಲು ಕೊಬ್ಬರಿ ಚಟ್ನಿ! ಎಲ್ಲಿಂದ ಬಂತು ಇಷ್ಟು ಕಾಯಿ ಎಂದು ಮಗ ಕೇಳಿದರೆ, "ಯಾರೋ ಕ್ವಾರಿ ಹತ್ರ ಒಡದು ಇಟ್ಟು ಹೋಗ್ತಾರ. ಯಾವ ದೇವರಿಗೋ ಏನೋ. ನಾಯಿ ತಿಂದು ಹಾಳಾಗೂದಕ್ಕಿಂತ ಚಟ್ನಿ ಆಗ್ಲಿ ಅಂತ ತಂದೆ" ಎಂದರು. ಒಡೆದಿಟ್ಟ ಕಾಯಿ ಬೆಳಗಾಗುವುದರಲ್ಲಿ ಮಾಯವಾಗುತ್ತದೆ ಎಂಬ ಸುದ್ದಿ ಹಬ್ಬಿ, ದೆವ್ವದ ಮೇಲೆ ಜನರ ನಂಬಿಕೆ ಇನ್ನೂ ಗಟ್ಟಿಯಾಯಿತು, ಕಾಯಿಗಳೂ ಹೆಚ್ಚಿದವು. ತನಗೇ ಒಡೆದ ಕಾಯಿಯನ್ನು ತಾನೇ ಅರೆದು, ಒಗ್ಗರಣೆ ಹಾಕಿ, ರೊಟ್ಟಿಗೆ ಹಚ್ಚಿಕೊಂಡು ತಿಂದ ದೆವ್ವ ಭೂಮಂಡಲದಲ್ಲಿ ಇನ್ನೊಂದಿದ್ದರೆ ಹೇಳಿ!

ಮನೆಯೊಳಗೂ ಅವರ ವರ್ತನೆ ವಿಚಿತ್ರವೇ. ಮಳೆಗಾಲ ಬಂತೆಂದರೆ ಆ ಮನೆಯಲ್ಲಿ ಸೊಳ್ಳೆಗಳದೇ ಸಂಸಾರ. ನನ್ನ ಭಾವಮೈದ, ಅಂದರೆ ಅತ್ತೆಯ ಮಗ, ಸೊಳ್ಳೆ ಹೊಡೆಯುವ ಕರೆಂಟಿನ ಬ್ಯಾಟೊಂದನ್ನು ತಂದ. ಮೊದಲ ಸಲ 'ಚಟ್' ಎಂದು ಕಿಡಿ ಹಾರಿದ್ದೇ ತಡ, ಅತ್ತೆ ಅಡುಗೆಮನೆಯಿಂದ ಹೌಹಾರಿ ಓಡಿ ಬಂದು ಬ್ಯಾಟು ಕಿತ್ತುಕೊಂಡರು. ಮುಂದೆ ಅದು ಜೋಳದ ಚೀಲದ ತಳದಲ್ಲಿ ಸಿಕ್ಕಿತು.

"ಅವ್ವಾ, ಡೆಂಗಿ ಬಂದ್ರ ಹೆಂಗ?" ಎಂದು ಮಗ ರೇಗಿದ.

"ಡೆಂಗಿ ಬಂದ್ರ ದವಾಖಾನಿ ಐತಿ. ಹೋದ ಜೀವಕ್ಕ ಯಾವ ದವಾಖಾನಿ ಐತಿ?"

ಕಣ್ಣಿಗೆ ನೊರಜು ಬಿದ್ದರೆ ನಾವೆಲ್ಲ ಏನು ಮಾಡುತ್ತೇವೆ? ಉಜ್ಜುತ್ತೇವೆ, ಬೈಯುತ್ತೇವೆ, ಮತ್ತೆ ಉಜ್ಜುತ್ತೇವೆ. ಅತ್ತೆ ಹಾಗಲ್ಲ. ಸೆರಗಿನ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿ, ಅದನ್ನು ಮೆತ್ತಗೆ ಎತ್ತಿ, ತುಳಸಿ ಎಲೆಯ ಮೇಲೆ ಬಿಟ್ಟು, "ಹೋಗ್ರಿ, ಹುಷಾರಾಗಿ ಹೋಗ್ರಿ" ಎನ್ನುತ್ತಾರೆ. ನೋಡಿದಿರಾ ನ್ಯಾಯ! ಅಳಿಯನಿಗೆ 'ಚಪ್ಪಲಿ ಹೊರಗ ಬಿಡು', ನೊರಜಿಗೆ 'ಹುಷಾರಾಗಿ ಹೋಗ್ರಿ'!

ಇದರ ಮೂಲ ಎಲ್ಲಿದೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಮಾವನ ಸಾವಿನ ಮರುದಿನ ಬೆಳಿಗ್ಗೆ ನಾನು ಅಲ್ಲೇ ಇದ್ದೆ.

ಮಾವ ನೇಕಾರರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂತು ಸೀರೆ ನೇಯ್ದು, ಹೊತ್ತು ಮುಳುಗುವಾಗ ಎದ್ದರೆಂದರೆ ಕ್ವಾರಿಯವರೆಗೆ ಓಟ. "ಮುಂಜಾನಿಂದ ಕುಣ್ಯಾಗ ಕಾಲು ಹುಗದು ಕುಂತಿರ್ತೇನಿ. ಸಂಜಿಗರ ಅವಕ್ಕ ಊರು ತೋರಸಬೇಕಲ್ಲ" ಎನ್ನುತ್ತಿದ್ದರು. ಆರಡಿ ಎತ್ತರದ ಆಳು. ಸಂಜೆಯ ನೊರಜು ಎತ್ತರದ ತಲೆಯನ್ನೇ ಹುಡುಕಿಕೊಂಡು ಬರುತ್ತದೆ. ಮಾವ ತಲೆಯ ಮೇಲೆ ನೊರಜಿನ ಕೊಡೆ ಹಿಡಿದಂತೆ ಓಡಿ ಬರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಬಂದವರೇ ಅಮೀನಗಡದ ಕರದಂಟಿನ ಡಬ್ಬಿಗೆ ಕೈ ಹಾಕುತ್ತಿದ್ದರು. ಹೀಗಾಗಿ ಓಟದ ಲಾಭ ಬೆಲ್ಲದ ನಷ್ಟಕ್ಕೆ ಅಲ್ಲಿಗಲ್ಲಿಗೆ ಸರಿಹೋಗುತ್ತಿತ್ತು.

ಅಂಥವರು ಒಂದು ಮಳೆಗಾಲದಲ್ಲಿ ಮಗ್ಗದ ಮುಂದೆ ಕೂತಲ್ಲೇ ಹೋಗಿಬಿಟ್ಟರು.

ಜೀವ ಹೋದ ಜಾಗದಲ್ಲಿ ರಾತ್ರಿ ಹಿಟ್ಟು ಹರಡಿ, ಮೇಲೆ ಬುಟ್ಟಿ ಬೋರಲು ಹಾಕಿ, ಪಕ್ಕಕ್ಕೊಂದು ದೀಪ ಇಡುವುದು ಆ ಮನೆತನದಲ್ಲಿ ನಡೆದುಬಂದ ಪದ್ಧತಿ. ಬೆಳಿಗ್ಗೆ ಬುಟ್ಟಿ ಎತ್ತಿದಾಗ ಹಿಟ್ಟಿನಲ್ಲಿ ಯಾವ ಹೆಜ್ಜೆ ಮೂಡಿರುತ್ತದೋ ಹೋದವರಿಗೆ ಆ ಜನ್ಮ. ಮಾವನ ತಂದೆಗೆ, ಅಂದರೆ ನನ್ನ ಅಜ್ಜನಿಗೆ, ಹಕ್ಕಿಯ ಹೆಜ್ಜೆ ಬಂದಿತ್ತಂತೆ. ಮನೆಯವರೆಲ್ಲ ಅದನ್ನು ಹೇಳಿಕೊಂಡು ಬಹಳ ವರ್ಷ ಮೆರೆದರು. ಮಾವನಿಗೆ ಕಡಿಮೆ ಎಂದರೂ ಆಕಳ ಗೊರಸು ಬಂದೀತೆಂದು ನೆಂಟರು ಕಾದಿದ್ದರು. ಅಷ್ಟು ಸಣ್ಣ ಬುಟ್ಟಿಯೊಳಗೆ ಆಕಳು ಹೇಗೆ ಹಿಡಿಸೀತು ಎಂದು ಯಾರೂ ಯೋಚಿಸಿರಲಿಲ್ಲ! ಎತ್ತಿ ನೋಡಿದರೆ, ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಚುಕ್ಕಿಗಳ ಸಾಲು. ಬುಟ್ಟಿಯ ಒಂದು ಅಂಚಿನಿಂದ ನಡುವಿನವರೆಗೆ ಬಂದು, ಅಲ್ಲಿ ಗಿರಕಿ ಹೊಡೆದು, ಮತ್ತೆ ಅಂಚಿಗೆ ಹೋಗಿ ಮುಗಿದಿತ್ತು. ಹಿರಿಯರೊಬ್ಬರು ಬಗ್ಗಿ ನೋಡಿ, ಗಂಟಲು ಸರಿಮಾಡಿಕೊಂಡು, "ಹುಳದ ಜನ್ಮ" ಎಂದರು. ಆರಡಿ ಮಾವ ಹುಳವೇ! ಅಷ್ಟು ದುಃಖದಲ್ಲೂ ಕೆಲವರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಅತ್ತೆ ಮಾತ್ರ ಆ ಹಿಟ್ಟನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದರು. ದಿನಗಳು ಮುಗಿದವು, ನೆಂಟರು ಹೋದರು, ನಾವೆಲ್ಲ ಆ ಮಾತನ್ನು ಮರೆತೆವು. ಅತ್ತೆ ಬೂಟು ತೊಟ್ಟಿದ್ದು ಅದೇ ತಿಂಗಳಲ್ಲಿ.

ಹೋದ ಮಳೆಗಾಲದಲ್ಲಿ ಭಾವಮೈದ ನನಗೆ ಬಾಗಲಕೋಟೆಗೆ ಫೋನು ಮಾಡಿದ.

"ಭಾವಾ, ನಿನ್ನಿ ಬೈಕಿನ ಮ್ಯಾಲ ಹೊಂಟ ಹುಡುಗರು ದೆವ್ವ ಅಂತ ಅವ್ವಗ ಕಲ್ಲು ಒಗದಾರ. ಹೆಗಲು ಬಾತೈತಿ. ಬಾಗಲಾ ಬಡದೈತಿ ಅಂತ ಸುಳ್ಳು ಹೇಳಾಕತ್ತಾಳ. ನಾಳಿ ತಲಿಗೇ ಬಿದ್ರ? ನೀವು ಬಂದು ಕರಕೊಂಡು ಹೋಗಿಬಿಡ್ರಿ. ನಿಮ್ಮ ಕಡೆ ಇದ್ರ ಈ ಓಟನರ ನಿಲ್ತೈತಿ."

"ನನ್ನ ಮಾತು ಕೇಳ್ತಾರೇನೋ?"

"ಕೇಳಂಗಿಲ್ಲ. ಆದ್ರ ನೀವು ಅಳಿಯಂದ್ರು, ನಿಮ್ಮನ್ನ ಬೈಯಾಕ ಒಂದೀಟು ನಾಚ್ತಾಳ."

ಎಂಥ ಭ್ರಮೆ! ಆದರೂ ಕಲ್ಲಿನ ಮಾತು ಕೇಳಿದ ಮೇಲೆ ಸುಮ್ಮನೆ ಕೂತಿರಲಾಗಲಿಲ್ಲ. ಬಸ್ಸು ಹತ್ತಿದೆ. ನಾನು ಮುಟ್ಟುವ ಹೊತ್ತಿಗೆ ಅತ್ತೆ ಬೂಟಿನ ದಾರ ಕಟ್ಟುತ್ತಿದ್ದರು. ಎಡಗೈ ಮೇಲೆತ್ತಲು ಆಗುತ್ತಿರಲಿಲ್ಲ.

"ಅತ್ತಿ, ಇವತ್ತು ನಾನೂ ಬರ್ತೇನ್ರಿ."

"ನೀ? ಅಟ್ಟದ ಮೆಟ್ಟಲಾ ಹತ್ತಿದ್ರ ತೇಕು ಬರ್ತೈತಿ ನಿನಗ." ಎನ್ನುತ್ತಲೇ ಇನ್ನೊಂದು ಬಿಳಿಯ ಅರಿವೆ ತೆಗೆದುಕೊಟ್ಟರು. ನನಗೆ ಮುಸುಕು ಹಾಕಿಕೊಂಡು ಓಡುವ ಕರ್ಮ ಏನಿದೆ? ಬೇಡವೆಂದೆ. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು.

ಓಡುವವನ ಬಾಯಿ ಮುಚ್ಚಿರುವುದಿಲ್ಲ. ಈ ಸಂಗತಿ ನನಗೆ ಅಂದು ಗೊತ್ತಾಯಿತು. ಹುಳಗಳಿಗೆ ಮೊದಲೇ ಗೊತ್ತಿತ್ತು. ಊರಿನ ಕೊನೆಯ ಮನೆ ದಾಟುತ್ತಲೇ ಬಂದವು ನೋಡಿ! ಒಂದು ಕಣ್ಣಿಗೆ ಬಿತ್ತು. ಒಂದು ಕಿವಿಯೊಳಗೆ ಹೊಕ್ಕು ಏನೋ ದೂರು ಹೇಳತೊಡಗಿತು. ಬೆವರಿದ ಕುತ್ತಿಗೆಯ ಮೇಲೆ ಅದೆಷ್ಟು ಅಂಟಿಕೊಂಡವೋ. ನಾನು ಎರಡೂ ಕೈಯಿಂದ ಗಾಳಿಗೆ ಹೊಡೆಯುತ್ತ ಓಡುತ್ತಿದ್ದೆ. ದೂರದಿಂದ ನೋಡಿದವರಿಗೆ ಮುಂದೆ ಒಂದು ದೆವ್ವ, ಹಿಂದೆ ಅದು ಹಿಡಿದ ಮನುಷ್ಯ ಎಂದೇ ಅನಿಸಿರಬೇಕು.

"ಹೊಡೀಬ್ಯಾಡೋ!" ಮುಸುಕಿನೊಳಗಿಂದ ಗದರಿಕೆ ಬಂತು.

"ಮತ್ತೇನು ಮಾಡ್ಲಿರಿ?"

"ಆಚಿ ಸರೀರಿ ಅನ್ನು. ಸರೀತಾವು."

ಸರೀರಿ ಎನ್ನಲು ಬಾಯಿ ತೆರೆದೆ. ಒಂದು ಸೀದಾ ಒಳಗೆ ಹೋಯಿತು! ನುಂಗುವುದೋ ಉಗುಳುವುದೋ ಎಂದು ಯೋಚಿಸುವಷ್ಟರಲ್ಲಿ ಗಂಟಲು ತನ್ನ ಕೆಲಸ ಮುಗಿಸಿತ್ತು. ನಾನು ಕೆಮ್ಮುತ್ತ ನಿಂತೆ. ಅತ್ತೆ ತಿರುಗಿ ಬಂದರು. ಬಾಯಿಯ ಜಾಗದಲ್ಲಿ ಅರಿವೆ ಆಡುತ್ತಿರಲಿಲ್ಲ; ಉಸಿರು ಬಿಗಿಹಿಡಿದಿದ್ದರು.

"ಎಂಥಾದಿತ್ತು?"

"ಹುಳಾರಿ."

"ಸಣ್ಣದೋ, ದೊಡ್ಡದೋ? ನುಂಗಿದೇನೋ?"

ಅವರ ಕೈ ನನ್ನ ತೋಳನ್ನು ಹಿಡಿದಿತ್ತು. ಅಷ್ಟು ಹೆದರಿದ ಹೆಂಗಸಿಗೆ ನಿಜ ಹೇಳಲು ನನಗೆ ಮನಸ್ಸಾಗಲಿಲ್ಲ. "ಇಲ್ಲರಿ, ಉಗುಳಿದೆ" ಎಂದೆ. ಕೂಡಲೇ ಅವರು ಮೊಬೈಲಿನ ಟಾರ್ಚು ಹಚ್ಚಿ, ನನ್ನ ಕಾಲ ಬಳಿಯ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಹುಡುಕತೊಡಗಿದರು. ಸುತ್ತ ಯಾರೂ ಇಲ್ಲ. ಆಕಾಶದಲ್ಲಿ ಬೆಳಕು ಆರುತ್ತ ಬಂದಿದೆ. ಮುಖವಿಲ್ಲದ ಒಂದು ಆಕೃತಿ ನೆಲಕ್ಕೆ ಬಗ್ಗಿ ಪಿಸುದನಿಯಲ್ಲಿ, "ಎಲ್ಲಿದ್ದೀರಿ? ಪೆಟ್ಟಾತೇನ್ರಿ?" ಎಂದು ಕೇಳುತ್ತಿದೆ. ಓದುತ್ತಿರುವ ನಿಮಗೆ ನಗು ಬಂದೀತು. ನನ್ನ ಮೈಯ ಕೂದಲು ನೆಟ್ಟಗಾಗಿದ್ದವು.

ಅಲ್ಲಿಂದ ಮುಂದೆ ಕ್ವಾರಿಯ ದಂಡೆ. ಒಂದು ಪಕ್ಕಕ್ಕೆ ಕೊಯ್ದ ಬಂಡೆಯ ಗೋಡೆ, ಇನ್ನೊಂದು ಪಕ್ಕಕ್ಕೆ ಆ ನೀರು. ನಾವಿಬ್ಬರೂ ಓಡುತ್ತಿದ್ದೆವು. ಸ್ವಲ್ಪ ದೂರ ಹೋದ ಮೇಲೆ ನನ್ನ ಕಿವಿಗೆ ಮೂರನೆಯವರ ಹೆಜ್ಜೆ ಬಿತ್ತು.

ಬಂಡೆಗೆ ಬಡಿದು ಬರುವ ಪ್ರತಿಧ್ವನಿ ಎಂದು ನನಗೆ ನಾನೇ ಹೇಳಿಕೊಂಡೆ. ಖಂಡಿತ ಪ್ರತಿಧ್ವನಿಯೇ. ಆದರೆ ನನ್ನದು ತಪ್ಪು ಹೆಜ್ಜೆಯ ಓಟ, ಅತ್ತೆಯದು ಚಿಕ್ಕ ಚಿಕ್ಕ ಹೆಜ್ಜೆ. ಕೇಳುತ್ತಿದ್ದುದು ಉದ್ದ ಕಾಲಿನವರು ನಿಧಾನವಾಗಿ, ದಣಿವಿಲ್ಲದೆ ಓಡುವ ಸದ್ದು. ನಾವು ನಿಂತೆವು. ಅದು ಇನ್ನೂ ನಾಲ್ಕು ಹೆಜ್ಜೆ ಓಡಿ ನಿಂತಿತು.

ನಾನು ತಲೆ ಎತ್ತಿದೆ. ಉಳಿದ ಬೆಳಕಿನಲ್ಲಿ ಅತ್ತೆಯ ತಲೆಯ ಮೇಲೆ ನೊರಜಿನ ಗುಂಪೊಂದು ಸುತ್ತುತ್ತಿತ್ತು. ನನ್ನ ತಲೆಯ ಮೇಲೂ ಒಂದಿತ್ತು, ಅದರ ಗುಂಯ್ ಎನ್ನುವ ಸದ್ದು ಕೇಳುತ್ತಿತ್ತು. ನಮ್ಮಿಬ್ಬರ ನಡುವೆ, ಯಾರೂ ನಿಂತಿಲ್ಲದ ಜಾಗದಲ್ಲಿ, ನನ್ನ ತಲೆಗಿಂತ ಒಂದು ಗೇಣು ಎತ್ತರದಲ್ಲಿ, ಮೂರನೆಯ ಗುಂಪು ಸುತ್ತುತ್ತಿತ್ತು.

ಓಡಿಹೋಗಬೇಕೆನಿಸಿತು. ಅತ್ತೆ ಮುಸುಕು ತೆಗೆದರು. ಅವರ ಮುಖ ಕಂಡದ್ದೇ ನನಗೆ ಎಷ್ಟೋ ಧೈರ್ಯ ಬಂತು. ಅತ್ತೆಯ ಮುಖ ನೋಡಿ ಧೈರ್ಯ ಬಂದದ್ದು ಜೀವನದಲ್ಲಿ ಅದೇ ಮೊದಲು!

"ಕರಕೊಂಡು ಹೋಗಾಕ ಬಂದಿ, ಹೌದಲ್ಲ?" ಎಂದರು.

"ಹೌದ್ರಿ. ಒಂದೀಟು ದಿನ ನಮ್ಮ ಮನ್ಯಾಗ ಇರ್ರಿ. ಇಲ್ಲಿ ಮಂದಿ ಕಲ್ಲು ಒಗ್ಯಾಕತ್ತಾರ."

"ನಾ ಬರ್ತೇನೋ ತಮ್ಮಾ. ಅವರು ಹೆಂಗ ಬರಬೇಕು? ನಿಮ್ಮ ಬಾಗಲಕೋಟಿ ನವನಗರದಾಗ ಆ ಸೆಕ್ಟರ್ ನಂಬರು ಜೀವಂತ ಮನಷ್ಯಾಗ ಸಿಗಂಗಿಲ್ಲ. ಇಷ್ಟು ಸಣ್ಣ ಜೀವಕ್ಕ ಹೆಂಗ ಸಿಗ್ತೈತಿ?"

ಆಗ ನನಗೆ ಎಲ್ಲ ಒಮ್ಮೆಲೇ ಹೊಳೆಯಿತು. ಜೋಳದ ಚೀಲದ ತಳದ ಬ್ಯಾಟು, ತುಳಸಿಯ ಎಲೆ, ನೊರಜಿಗೆ ಸಿಗುತ್ತಿದ್ದ ಮರ್ಯಾದೆ. ಮುಸುಕು ಹಾಕಿದ್ದು ಹುಳದಿಂದ ತಮ್ಮನ್ನು ಕಾಯ್ದುಕೊಳ್ಳಲಲ್ಲ, ತಮ್ಮ ಬಾಯ ಉಸಿರಿನಿಂದ ಹುಳವನ್ನು ಕಾಯಲು! ಅದರ ಬೆನ್ನಿಗೇ ಇನ್ನೊಂದು ವಿಷಯವೂ ಹೊಳೆಯಿತು. ಹಾಗಾದರೆ ಸ್ವಲ್ಪ ಹೊತ್ತಿನ ಕೆಳಗೆ ನಾನು ನುಂಗಿದ್ದು ಯಾರನ್ನು?

"ಅತ್ತಿ," ಎಂದೆ ಮೆತ್ತಗೆ, "ಆ ಹಿಟ್ಟಿನ್ಯಾಗ ಇರುವಿ ಓಡ್ಯಾಡಿರಬೇಕ್ರಿ."

"ಇರುವೀನ ಅದು. ನನಗ ಗೊತ್ತಿಲ್ಲೇನು?" ಎಂದುಬಿಟ್ಟರು ಅತ್ತೆ. "ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಬುಟ್ಟಿ ಎತ್ತಿ, ಹಿಟ್ಟಿನ ನಡುವ ಒಂದು ಚೂರು ಕರದಂಟು ನಾನ ಇಟ್ಟಿದ್ದೆ. ಉಪವಾಸ ಹೋಗಿದ್ರು. ಆ ದಿನ ಸಂಜಿ ಓಡಿ ಬಂದು ತಿನಬೇಕಂದವ್ರು, ಓಡಾಕ ಎದ್ದ ಇಲ್ಲ. ಮುಂಜಾನಿ ನೋಡಿದ್ರ ಆ ಚೂರು ಇರಲಿಲ್ಲ."

"ಮತ್ತ? ಕರದಂಟು ಇಟ್ರ ಇರುವಿ ಬರದ ಆನಿ ಬರ್ತೈತೇನ್ರಿ?"

"ಹೌದಪ, ಕರದಂಟಿಗೇ ಬಂತು." ಅವರು ನೀರಿನ ಕಡೆ ನೋಡುತ್ತ ಹೇಳಿದರು. "ಅವರೂ ಕರದಂಟಿಗೇ ಬರ್ತಿದ್ರು."

ಅತ್ತೆ ತೆಗೆದ ಮುಸುಕನ್ನು ಕೈಯಲ್ಲಿ ಮಡಿಸುತ್ತ ಮುಂದುವರಿಸಿದರು.

"ದಿನಾ ಕರೀತಿದ್ರೋ ತಮ್ಮಾ, ನೀನೂ ಬಾ ಓಡೂಣು ಅಂತ. ಲಗ್ನ ಆದಾಗಿಂದ ಕರದ್ರು. ನಾ ಏನಂತಿದ್ದೆ ಗೊತ್ತೈತೇನು? ಹುಳ ಬಾಯಾಗ ಹೋಗ್ತಾವು, ನಾ ಬರಂಗಿಲ್ಲ ಅಂತಿದ್ದೆ."

ಮೂರನೆಯ ಗುಂಪು ಗಾಳಿಗೆ ಸ್ವಲ್ಪ ಅವರ ಕಡೆ ವಾಲಿತು. ಗಾಳಿಗೆ ಎಂದೇ ನಾನು ಇವತ್ತಿಗೂ ಹೇಳುತ್ತೇನೆ. ಅತ್ತೆ ಮತ್ತೆ ಮುಸುಕು ಎಳೆದುಕೊಂಡರು. ವಾಪಸ್ಸು ಓಡುವಾಗ ನಾನು ಇನ್ನೊಂದು ಅರಿವೆ ಕೇಳಿ ಇಸಿದುಕೊಂಡೆ, ನಮ್ಮಿಬ್ಬರ ನಡುವೆ ಒಬ್ಬರು ಹಿಡಿಸುವಷ್ಟು ಜಾಗವನ್ನೂ ಬಿಟ್ಟೆ.

ಮನೆಗೆ ಬಂದು ಭಾವಮೈದನನ್ನು ಅಂಗಳಕ್ಕೆ ಕರೆದು, "ಅತ್ತಿ ಎಲ್ಲೂ ಬರೂದಿಲ್ಲ. ನಾಳಿಯಿಂದ ನೀನೂ ಜೋಡಿ ಓಡು" ಎಂದೆ. ಒಬ್ಬರೇ ಓಡಿದರೆ ದೆವ್ವ, ಇಬ್ಬರು ಓಡಿದರೆ ವ್ಯಾಯಾಮ. ಮುಸುಕಿನ ಪಕ್ಕ ಊರಿಗೆ ಗೊತ್ತಿರುವ ಮುಖವೊಂದು ಓಡುತ್ತಿದ್ದರೆ ಕಲ್ಲೆತ್ತುವ ಕೈ ತಾನಾಗಿ ಇಳಿಯುತ್ತದೆ. ಅವನು ಗೊಣಗಿದ. ಮಗ್ಗ ಯಾರು ನೋಡಬೇಕು, ಮಂದಿ ಏನಂತಾರೆ, ತಾಯಿಗೆ ತಲೆ ಕೆಟ್ಟರೆ ಮಗನಿಗೂ ಕೆಡಬೇಕೇನು ಎಂದ. ಅತ್ತೆ ಹೇಳಿದ್ದನ್ನು ನಾನು ಅವನಿಗೆ ಹೇಳಲಿಲ್ಲ. ಅದು ಅವರ ಮನೆಯ ಮಾತು, ಹೇಳುವುದಿದ್ದರೆ ಅವರೇ ಹೇಳಲಿ. ಆದರೆ ತಾಯಿಯ ಹೆಗಲಿನ ಬಾವು ನೋಡಿದ ಮಗ, ಎಷ್ಟು ದಿನ ಗೊಣಗಿಯಾನು? ಓಡತೊಡಗಿದ.

ಕಲ್ಲು ನಿಂತವು. ಕಾಯಿಯೂ ನಿಂತವು. "ನಿನ್ನ ದೆಸಿಂದ ಚಟ್ನಿ ತಪ್ಪಿತು ನೋಡು" ಎಂದು ಅತ್ತೆ ನನಗೆ ಫೋನಿನಲ್ಲಿ ಬೈದರು.

ಮೊನ್ನೆ ಮತ್ತೆ ಇಳಕಲ್ಲಿಗೆ ಹೋಗಿದ್ದೆ. ಸಂಜೆ ಮೂವರೂ ಓಡಿದೆವು. ನಾನು ಮುಸುಕು ಹಾಕಿಕೊಂಡಿದ್ದೆ. ಒಮ್ಮೆ ಮಾವನನ್ನು ನುಂಗಿದವನು ಮತ್ತೆ ಆ ಪಾಪ ಕಟ್ಟಿಕೊಳ್ಳುವುದುಂಟೇ? ಭಾವಮೈದ ಮಾತ್ರ ಈಗಲೂ ಬರಿಯ ಮುಖದಲ್ಲೇ ಓಡುತ್ತಾನೆ, ದಾರಿಯುದ್ದಕ್ಕೂ ಹುಳಗಳಿಗೆ ಬೈಯುತ್ತಾನೆ. ಕ್ವಾರಿಯ ತಿರುವಿನಲ್ಲಿ ಅವನ ಕಣ್ಣಿಗೆ ನೊರಜು ಬಿತ್ತು. "ಥೂ ಇದರ!" ಎಂದು ಉಜ್ಜಲು ಕೈ ಎತ್ತಿದ.

ಎತ್ತಿದ ಕೈ ಹಾಗೇ ನಿಂತಿತು. ಅವನು ಆ ಕೈಯನ್ನು ನಿಧಾನವಾಗಿ ಇಳಿಸಿ, ಕಣ್ಣೀರು ಸುರಿಯುತ್ತಿರುವ ಕಣ್ಣನ್ನು ಹಾಗೇ ತೆರೆದುಕೊಂಡು, ತಾಯಿಯ ಮುಂದೆ ಮಂಡಿಯೂರಿ ಮುಖ ಮೇಲೆತ್ತಿದ.

"ಅವ್ವಾ, ಮೆತ್ತಗ ತಗಿ. ಅಪ್ಪಗ ಪೆಟ್ಟಾದೀತು."

ಅತ್ತೆ ಮುಸುಕು ಸರಿಸಿ, ಸೆರಗಿನ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡರು.